ಉಸಿರು ಒಳಗೆಳೆದುಕೊಳ್ಳಿ, ಓಟಿಪಿ ಬಂದ ಮೇಲೆ ಬಿಡಿ

‘ಶಿಕ್ಷಕರಿಗೆ ಒತ್ತಡ ನಿರ್ವಹಣೆ ಕಾರ್ಯಾಗಾರ. ಹಾಜರಾತಿ ಕಡ್ಡಾಯ. ತಪ್ಪಿದಲ್ಲಿ ಶಿಸ್ತುಕ್ರಮ.’ ಈ ಸಂದೇಶ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬಿದ್ದಾಗ ಶನಿವಾರ ರಾತ್ರಿ ಹತ್ತೂವರೆ. ಕಾರ್ಯಾಗಾರ ಭಾನುವಾರ ಬೆಳಿಗ್ಗೆ. ಐದೇ ನಿಮಿಷದಲ್ಲಿ ಅದರ ಕೆಳಗೆ ಮುಗಿದ ಕೈಗಳ ಸಾಲು ಬೆಳೆಯಿತು. ಅದರಲ್ಲಿ ನನ್ನದೂ ಒಂದು ಜೋಡಿ.

ಸಂಪನ್ಮೂಲ ವ್ಯಕ್ತಿಗಳು ಬಹಳ ಸೌಮ್ಯ. ‘ಶಾಲೆಯನ್ನು ಮನೆಗೆ ಒಯ್ಯಬೇಡಿ’ ಎಂದರು. ಆ ಹೊತ್ತಿಗೆ ನಮ್ಮ ಮನೆಯ ಅಡುಗೆಮನೆಯಲ್ಲಿ ಶಾಲೆಯ ಎರಡು ಟ್ರೇ ಮೊಟ್ಟೆ ಕುಳಿತಿದ್ದವು. ಶಾಲೆಯ ದಾಸ್ತಾನು ಕೋಣೆಯಲ್ಲಿ ಹೆಗ್ಗಣಗಳ ಕಾಟ, ಅಂಗಡಿಯವನು ತಂದು ಹಾಕುವುದು ಶನಿವಾರ ಮಾತ್ರ, ಮಕ್ಕಳಿಗೆ ಬೇಯಿಸಬೇಕಾದದ್ದು ಸೋಮವಾರ. ನಮ್ಮದು ಮೊಟ್ಟೆ ತಿನ್ನದ ಮನೆ. ಅತ್ತೆಯವರು ನನ್ನೊಡನೆ ಮಾತು ಬಿಟ್ಟಿದ್ದರು. ಸರ್ಕಾರ ಒಂದು ಮೊಟ್ಟೆಗೆ 6 ರೂಪಾಯಿ ಲೆಕ್ಕ ಹಿಡಿದಿದ್ದ ಕಾಲದಲ್ಲಿ ಖರೀದಿ, ಸಾಗಣೆ, ಸೌದೆ, ಸಿಪ್ಪೆ ಸುಲಿಯುವ ಕೂಲಿ ಎಲ್ಲವೂ ಅದರಲ್ಲೇ ಮುಗಿಯಬೇಕಿತ್ತು. ಮುಗಿಯದಿದ್ದದ್ದು ನನ್ನ ಕೈಚೀಲದಲ್ಲಿ ಮುಗಿಯುತ್ತಿತ್ತು. ಎಷ್ಟು ಮಕ್ಕಳು ಮೊಟ್ಟೆ, ಎಷ್ಟು ಮಕ್ಕಳು ಬಾಳೆಹಣ್ಣು ಎಂದು ದಿನವೂ ವಹಿಯಲ್ಲಿ ಬರೆಯಬೇಕು. ಬಾಳೆಹಣ್ಣು ಎಂದಿದ್ದ ಹುಡುಗ ಬುಧವಾರ ಮನಸ್ಸು ಬದಲಿಸಿದರೆ ಗುರುವಾರದ ಲೆಕ್ಕ ತಾಳೆಯಾಗುವುದಿಲ್ಲ. ನಾನು ಓದಿದ ಬಿ.ಎಡ್.ನಲ್ಲಿ ಈ ಗಣಿತ ಇರಲಿಲ್ಲ.

‘ಈಗ ಕಣ್ಣು ಮುಚ್ಚಿ, ಉಸಿರನ್ನು ಒಳಗೆಳೆದು ಬಿಗಿಹಿಡಿಯಿರಿ.’

ಹಿಡಿದೆವು. ಇದರಲ್ಲಿ ನಮಗೆ ಪಳಗಿದ ಅಭ್ಯಾಸವಿದೆ. 2025ರ ಸೆಪ್ಟೆಂಬರ್ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆಂದು ಮನೆಮನೆ ತಿರುಗಿದವರು ನಾವೇ ತಾನೇ? ಮನೆಗೆ 60 ಪ್ರಶ್ನೆ. ಅಜ್ಜಿ ಜಗುಲಿಯ ಮೇಲೆ, ಓಟಿಪಿ ಹೋದದ್ದು ಬೆಂಗಳೂರಿನಲ್ಲಿರುವ ಮಗನ ಮೊಬೈಲಿಗೆ, ಮಗ ಪಾಳಿಯಲ್ಲಿ, ನಾನು ಸಿಗ್ನಲ್ ಹುಡುಕುತ್ತ ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ. ಮಗ ಸಿಕ್ಕಿ ಅಂಕಿ ಹೇಳುವವರೆಗೆ ಬಿಟ್ಟ ಉಸಿರು ಯಾವುದು, ಹಿಡಿದದ್ದು ಯಾವುದು ಎಂದು ನನಗೇ ತಿಳಿಯುತ್ತಿರಲಿಲ್ಲ. ಅಜ್ಜಿ ಮಾತ್ರ ಮಜ್ಜಿಗೆ ಕೊಟ್ಟು, ‘ದಸರಾಕ್ಕೆ ರಜೆ ಕೊಟ್ಟಿಲ್ಲವೇನಮ್ಮಾ?’ ಎಂದು ಕೇಳಿದರು. ಕೊಟ್ಟಿದ್ದರು. ಅಷ್ಟೇ ಅಲ್ಲ, ಸಮೀಕ್ಷೆ ಮುಗಿಯಲಿಲ್ಲವೆಂದು ಅಕ್ಟೋಬರ್ 18ರವರೆಗೆ ವಿಸ್ತರಿಸಿಯೂ ಕೊಟ್ಟರು. ರಜೆ ಶಾಲೆಗೆ, ದುಡಿಮೆ ಟೀಚರಿಗೆ: ಕೆಲಸ ಮತ್ತು ಬದುಕಿನ ಸಮತೋಲನ ಎಂದರೆ ಇದೇ ಇರಬೇಕು.

2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 27ನೆಯ ಕಲಂ ಎಂಬುದೊಂದಿದೆ. ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟರೆ ಶಿಕ್ಷಕರನ್ನು ಶೈಕ್ಷಣಿಕವಲ್ಲದ ಕೆಲಸಕ್ಕೆ ಹಚ್ಚುವಂತಿಲ್ಲ. ತಲೆ ಸಿಡಿಯುವ ದಿನ ಇದನ್ನು ಒಮ್ಮೆ ಗಟ್ಟಿಯಾಗಿ ಓದಿಕೊಂಡರೆ ನಗು ಬಂದು ಮನಸ್ಸು ಹಗುರಾಗುತ್ತದೆ. ಮತಗಟ್ಟೆ ಮಟ್ಟದ ಅಧಿಕಾರಿಯಾಗಿ ಮತದಾರರ ಪಟ್ಟಿ ಹಿಡಿದು ತಿರುಗುವುದು ಚುನಾವಣೆಯ ಬಾಬತ್ತು, ಆದ್ದರಿಂದ ಅದು ಕಾನೂನುಬದ್ಧ ಒತ್ತಡ. ಮೊಟ್ಟೆಯನ್ನು ನಾನು ವಿಪತ್ತಿನ ಖಾತೆಗೆ ಹಾಕಿಕೊಂಡಿದ್ದೇನೆ.

ಧ್ಯಾನ ಇನ್ನೂ ನಡೆದಿತ್ತು. ‘ನೀವು ಈಗ ಒಂದು ತಿಳಿಗೊಳದ ದಂಡೆಯಲ್ಲಿದ್ದೀರಿ’ ಎನ್ನುವಷ್ಟರಲ್ಲಿ ಸಭಾಂಗಣದ ಮೊಬೈಲುಗಳೆಲ್ಲ ಒಟ್ಟಿಗೇ ಗುಂಯ್‌ಗುಟ್ಟಿದವು. ‘ಅತಿ ತುರ್ತು: ಶೌಚಾಲಯಗಳ ಬಾಗಿಲು ಮತ್ತು ಚಿಲಕಗಳ ಸಂಖ್ಯೆಯನ್ನು 15 ನಿಮಿಷದೊಳಗೆ ಸಲ್ಲಿಸುವುದು.’ ಕಳುಹಿಸಿದವರು ನಮ್ಮನ್ನು ಕೊಳದ ದಂಡೆಗೆ ಕರೆತಂದ ಅದೇ ಕಚೇರಿಯವರು. ಹಿಂದಿನ ಸಾಲಿನ ಮೇಷ್ಟ್ರೊಬ್ಬರು ಕಣ್ಣು ತೆರೆಯದೆಯೇ ‘ನಾಲ್ಕು ಬಾಗಿಲು, ಮೂರು ಚಿಲಕ’ ಎಂದರು. ಆ ಸಭೆಯಲ್ಲಿ ಧ್ಯಾನ ಸಿದ್ಧಿಸಿದ್ದು ಅವರೊಬ್ಬರಿಗೇ.

ಕೊನೆಗೆ, ನಗುಮುಖದ ಫೋಟೋ ಸಮೇತ ಆನ್‌ಲೈನ್ ಹಿಮ್ಮಾಹಿತಿ. ಅದನ್ನು ಮನೆಗೆ ಬಂದೇ ತುಂಬಿದೆ. ಕಾರ್ಯಾಗಾರಕ್ಕೆ ಮುಂಚಿನ ಒತ್ತಡ ಹತ್ತಕ್ಕೆ ಎಷ್ಟು? ಏಳು ಎಂದೆ. ನಂತರದ್ದು? ಪ್ರಾಮಾಣಿಕವಾಗಿ ಒಂಬತ್ತು ಒತ್ತಿದೆ. ‘ತಪ್ಪು ನಮೂದು’ ಎಂದು ಕೆಂಪಕ್ಷರ ಬಂತು. ಎಂಟು. ಮತ್ತೆ ಕೆಂಪು. ಎರಡು ಎಂದು ಒತ್ತಿದ ತಕ್ಷಣ ಹಸಿರಾಗಿ, ‘ಅಭಿನಂದನೆಗಳು, ನಿಮ್ಮ ಒತ್ತಡ ಇಳಿದಿದೆ. ದೃಢೀಕರಣಕ್ಕೆ ಓಟಿಪಿ ಕಳುಹಿಸಲಾಗಿದೆ’ ಎಂದಿತು.

ಕಾಯುತ್ತ ಕುಳಿತೆ. ಅಡುಗೆಮನೆಯಿಂದ ಅತ್ತೆಯವರು ನನ್ನ ಮಗಳಿಗೆ ಹೇಳುತ್ತಿದ್ದರು: ‘ನಿಮ್ಮ ಅಮ್ಮನನ್ನು ಕೇಳು ಪುಟ್ಟಿ, ಇವು ಎಷ್ಟು ಗಂಟೆಗೆ ಹೊರಡುತ್ತವೆ ಅಂತ.’