ಸೋಮವಾರದೊಳಗೆ ಒಣಗಬೇಕು

ಚಿತ್ರಕಲೆ ಓದುವವರಿಗೆ ಟೈಮ್ ಸೆನ್ಸ್ ಇಲ್ಲ ಎನ್ನುವವರು ಒಂದು ವಾರ ಆಯಿಲ್ ಪೇಂಟ್ ಜೊತೆ ಸಂಸಾರ ಮಾಡಿ ನೋಡಬೇಕು. ನಮಗೆ ಸಮಯದ ಅರಿವು ಚೆನ್ನಾಗಿಯೇ ಇದೆ. ಇಲ್ಲದಿರುವುದು ಬಣ್ಣಕ್ಕೆ.

ಪ್ರತಿ ಪ್ರಾಜೆಕ್ಟ್‌ನಲ್ಲೂ ನನ್ನ ಮೊದಲ ಕಲಾಕೃತಿ ಟೈಮ್‌ಟೇಬಲ್. ಸ್ಕೇಲ್ ಹಿಡಿದು ಗೆರೆ ಎಳೆಯುತ್ತೇನೆ, ಒಂದೊಂದು ಕೆಲಸಕ್ಕೆ ಒಂದೊಂದು ಬಣ್ಣ ತುಂಬುತ್ತೇನೆ. ಇಡೀ ಸೆಮಿಸ್ಟರ್‌ನಲ್ಲಿ ಹೇಳಿದ ಹೊತ್ತಿಗೆ ಮುಗಿಯುವ ಕೆಲಸ ಅದೊಂದೇ. ಸ್ಕೆಚ್‌ಗೆ ಒಂದು ಖಾನೆ, ಮೊದಲ ಪದರಕ್ಕೆ ಒಂದು ಖಾನೆ, ಫಿನಿಶಿಂಗ್‌ಗೆ ಒಂದು ಖಾನೆ. ಒಣಗುವುದಕ್ಕೆ ಮಾತ್ರ ಖಾನೆ ಇಲ್ಲ. ಒಣಗುವುದು ಒಂದು ಕೆಲಸವಾ? ನಾವು ಮಲಗಿದಾಗ ಅದರ ಪಾಡಿಗೆ ಅದು ಒಣಗುತ್ತೆ, ಅಲ್ವಾ?

ಇಲ್ಲ. ವಾಟರ್ ಕಲರ್ ಆದರೆ ನೀರು ಆರಿದರೆ ಮುಗಿಯಿತು. ಆಯಿಲ್ ಪೇಂಟ್‌ನಲ್ಲಿ ಇರುವುದು ಅಗಸೆ ಎಣ್ಣೆ. ಅದು ಆರಿಹೋಗುವ ಜಾತಿಯದಲ್ಲ. ಗಾಳಿಯಲ್ಲಿರುವ ಆಮ್ಲಜನಕವನ್ನು ಎಳೆದುಕೊಂಡು, ಯಾರಿಗೂ ಹೆದರದೆ, ನಿಧಾನಕ್ಕೆ ಗಟ್ಟಿಯಾಗುತ್ತದೆ. ತೆಳ್ಳಗೆ ಬಳಿದರೂ ಮುಟ್ಟಲು ಕೆಲವು ದಿನ ಕಾಯಬೇಕು. ದಪ್ಪಗೆ ಮೆತ್ತಿದರೆ ತಿಂಗಳುಗಟ್ಟಲೆ. ವಾರ್ನಿಷ್ ಹಚ್ಚುವ ಮುಂಚೆ 6 ತಿಂಗಳಾದರೂ ಬಿಡಿ ಎನ್ನುವುದು ಹಳಬರ ಸಲಹೆ. ಅಷ್ಟರಲ್ಲಿ ಸೆಮಿಸ್ಟರ್ ಮುಗಿದು, ರಿಸಲ್ಟ್ ಬಂದು, ಮನೆಯವರು ಬೈದೂ ಆಗಿರುತ್ತದೆ.

ಎಲ್ಲ ಬಣ್ಣವೂ ಒಂದೇ ಥರ ಸತಾಯಿಸುವುದಿಲ್ಲ, ಅದನ್ನೂ ಹೇಳಬೇಕು. ಅಂಬರ್ ಎನ್ನುವ ಕಂದು ಬಣ್ಣ ಬೇಗ ಒಣಗುತ್ತದೆ. ಅದರಲ್ಲಿರುವ ಮ್ಯಾಂಗನೀಸ್ ಎಣ್ಣೆಯನ್ನು ಅವಸರಪಡಿಸುತ್ತದೆ. ಟೈಟಾನಿಯಂ ವೈಟ್‌ಗೆ ಅವಸರ ಎಂದರೇನೆಂದೇ ಗೊತ್ತಿಲ್ಲ. ನಮ್ಮ ಕ್ಲಾಸಿನ ಅರ್ಧ ಚಿತ್ರಗಳು ಯಾಕೆ ಬರೀ ಕಂದು ಎಂದು ಮೇಷ್ಟ್ರು ಕೇಳುತ್ತಾರೆ. "ಮೂಡ್ ಸಾರ್" ಎನ್ನುತ್ತೇವೆ.

ಸಬ್ಮಿಷನ್ ಹಿಂದಿನ ರಾತ್ರಿ ಎಲ್ಲರಿಗೂ ನೆನಪಾಗುವ ದೇವರು ಹೇರ್ ಡ್ರೈಯರ್. ನಮ್ಮ ಮನೆಯಲ್ಲಿ ಅದು ತಂಗಿಯದು. ಅದನ್ನು ಕ್ಯಾನ್ವಾಸಿನ ಮುಂದೆ ಹಿಡಿದು ಕೂತರೆ ರೂಮು ಬೆಚ್ಚಗಾಗುತ್ತದೆ, ಕೈ ಸೋಲುತ್ತದೆ, ಕರೆಂಟ್ ಬಿಲ್ ಏರುತ್ತದೆ. ಬಣ್ಣ ಹಾಗೇ ಹಸಿಯಾಗಿ ಹೊಳೆಯುತ್ತಿರುತ್ತದೆ. ಬೆಳಿಗ್ಗೆ ತಂಗಿ ತಲೆಗೆ ಸ್ನಾನ ಮಾಡಿ ಬಂದು ಅದನ್ನು ಕೈಗೆತ್ತಿಕೊಂಡಳು. ಹಿಡಿಕೆ ಪೂರ್ತಿ ನೀಲಿ. ಆ ನೀಲಿಯೂ ಒಣಗಿರಲಿಲ್ಲ. ಅವಳು ಕಾಲೇಜಿಗೆ ಹೋದದ್ದು ಒದ್ದೆ ತಲೆಯಲ್ಲಿ, ನೀಲಿ ಅಂಗೈಯಲ್ಲಿ.

ಹಸಿ ಕ್ಯಾನ್ವಾಸನ್ನು ಬಸ್ಸಿನಲ್ಲಿ ಒಯ್ಯುವುದು ಬೇರೆಯೇ ಕಲೆ. ಅದನ್ನು ಸಿಲೆಬಸ್‌ಗೆ ಸೇರಿಸಬೇಕು. ಬ್ರೇಕ್ ಬಿದ್ದಾಗ ಪಕ್ಕದಲ್ಲಿ ನಿಂತಿದ್ದವರ ಬಿಳಿ ಅಂಗಿಯ ತೋಳಿಗೆ ನನ್ನ ಸೂರ್ಯಾಸ್ತದ ಒಂದು ಪಾಲು ಹೋಯಿತು. ಅವರು ಬೈದದ್ದು ನ್ಯಾಯವೇ. ಆದರೂ ನಿಜ ಹೇಳುತ್ತೇನೆ, ತೋಳಿನ ಮೇಲೆ ಅದು ಕ್ಯಾನ್ವಾಸಿಗಿಂತ ಚೆನ್ನಾಗಿ ಕೂತಿತ್ತು.

ವಿಚಿತ್ರ ಏನೆಂದರೆ, ಕ್ಯಾನ್ವಾಸಿನ ಮೇಲೆ ಇಷ್ಟು ಸೋಮಾರಿಯಾದ ಎಣ್ಣೆ ಬ್ರಷ್ ಒರೆಸಿದ ಬಟ್ಟೆಯಲ್ಲಿ ಮಹಾ ಚುರುಕು. ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ, ಗಟ್ಟಿಯಾಗುವಾಗ ಹುಟ್ಟುವ ಬಿಸಿ ಒಳಗೇ ಉಳಿದು ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಇದು ತಮಾಷೆಗೆ ಹೇಳಿದ್ದಲ್ಲ. ಬಟ್ಟೆಯನ್ನು ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ.

ಎಣ್ಣೆಯ ಸಹವಾಸ ಸಾಕೆಂದು ಅಕ್ರಿಲಿಕ್‌ಗೆ ಬಂದೆ. ಇದಕ್ಕೆ ಉಲ್ಟಾ ರೋಗ, ತೀರಾ ಬೇಗ ಒಣಗುತ್ತದೆ. ಆಕಾಶದ ನೀಲಿಯನ್ನು ಬಿಳಿಗೆ ಬೆರೆಸುತ್ತಾ ಹೋಗಬೇಕು. ಅಷ್ಟರಲ್ಲಿ ಫೋನ್ ಬರುತ್ತದೆ. "ಆಮೇಲೆ ಮಾಡ್ತೀನಿ" ಎಂದು ಫೋನ್ ಇಟ್ಟು ತಿರುಗಿದರೆ ಆಕಾಶದ ಮಧ್ಯೆ ಒಂದು ಗೋಡೆ ಎದ್ದಿರುತ್ತದೆ. ತೊಳೆಯಲು ಮರೆತ ಬ್ರಷ್ ಬೆಳಗಾಗುವಷ್ಟರಲ್ಲಿ ಕಡ್ಡಿ. ಜೊತೆಗೆ ಅಕ್ರಿಲಿಕ್ ಒಣಗಿದ ಮೇಲೆ ಸ್ವಲ್ಪ ಗಾಢವಾಗುತ್ತದೆ, ವಾಟರ್ ಕಲರ್ ತಿಳಿಯಾಗುತ್ತದೆ. ಎರಡನ್ನೂ ಒಂದೇ ವಾರ ಹಿಡಿದ ಪುಣ್ಯಕ್ಕೆ ಒಂದರಲ್ಲಿ ಮಧ್ಯಾಹ್ನ ಬರೆಯಲು ಹೋಗಿ ಸಂಜೆಯಾಯಿತು. ಇನ್ನೊಂದರಲ್ಲಿ ಸಂಜೆ ಬರೆಯಲು ಹೋಗಿ ಮಂಜು ಮುಸುಕಿತು.

ಇದ್ದಿಲಿಗೆ ಒಣಗುವ ಗೋಳೇ ಇಲ್ಲ. ಬರೆದ ಕ್ಷಣಕ್ಕೇ ರೆಡಿ. ಸಮಯ ಉಳಿಸಿದೆ ಎಂದು ಬೀಗುತ್ತಿದ್ದಾಗ ನನಗೆ ಜೋರಾಗಿ ಒಂದು ಸೀನು ಬಂತು. ಇದ್ದಿಲ ಪುಡಿಯನ್ನು ಕಾಗದಕ್ಕೆ ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇ ಇನ್ನೂ ಹೊಡೆದಿರಲಿಲ್ಲ. ಚಿತ್ರದಲ್ಲಿದ್ದ ಅಜ್ಜನ ಗಡ್ಡ ಕಿವಿಯವರೆಗೂ ಹರಡಿತು.

ಪ್ಲಾಸ್ಟರ್ ಆಫ್ ಪ್ಯಾರಿಸ್ ಬಗ್ಗೆ ಜಾಸ್ತಿ ಹೇಳಲಾರೆ, ಇನ್ನೂ ನೋವಿದೆ. ನೀರಿಗೆ ಬಿದ್ದ ಕೆಲವೇ ನಿಮಿಷದಲ್ಲಿ ದಪ್ಪಗಾಗುತ್ತದೆ. ಅಚ್ಚು ಎಲ್ಲಿಟ್ಟೆ ಎಂದು ಹುಡುಕುತ್ತಾ ನಿಂತರೆ ಬಕೆಟ್ಟೇ ಅಚ್ಚು. ನಾನು ಬಕೆಟ್ಟಿನ ಆಕಾರವನ್ನೇ ಸಬ್ಮಿಟ್ ಮಾಡಿದೆ. 'ತುಂಬಿದ ಶೂನ್ಯ' ಎಂದು ಹೆಸರಿಟ್ಟು ಒಂದು ಪುಟ ಟಿಪ್ಪಣಿಯೂ ಬರೆದೆ. ಆ ವರ್ಷ ನನಗೆ ಜಾಸ್ತಿ ಮಾರ್ಕ್ಸ್ ಬಂದದ್ದು ಅದಕ್ಕೇ. ಇದರಿಂದ ಏನು ಕಲಿಯಬೇಕೋ ನನಗಿನ್ನೂ ಗೊತ್ತಾಗಿಲ್ಲ.

ಒಮ್ಮೆ ಮೇಷ್ಟ್ರ ಹತ್ತಿರ ಲಿಯೊನಾರ್ಡೊ ಡ ವಿಂಚಿಯನ್ನು ಸಾಕ್ಷಿಗೆ ಕರೆದೆ. ಫ್ರೆಸ್ಕೊ ಮಾಡುವವರು ಗೋಡೆಯ ಗಾರೆ ಹಸಿ ಇರುವಾಗಲೇ ಬಣ್ಣ ಹಚ್ಚಿ ಮುಗಿಸಬೇಕು. ಆ ಅವಸರ ಲಿಯೊನಾರ್ಡೊಗೆ ಒಗ್ಗಲಿಲ್ಲ. 'ಲಾಸ್ಟ್ ಸಪ್ಪರ್' ಚಿತ್ರವನ್ನು ಒಣ ಗೋಡೆಯ ಮೇಲೆ ತನ್ನದೇ ವಿಧಾನದಲ್ಲಿ ಆರಾಮಾಗಿ ಬರೆದ. 1498ರ ಹೊತ್ತಿಗೆ ಮುಗಿಯಿತು. ಅವನು ಬದುಕಿದ್ದಾಗಲೇ ಬಣ್ಣ ಏಳಲು ಶುರುವಾಯಿತು. 1999ರಲ್ಲಿ ಮುಗಿದ ದುರಸ್ತಿಗೆ 20 ವರ್ಷಕ್ಕೂ ಜಾಸ್ತಿ ಹಿಡಿಯಿತು, ಅಂದರೆ ಬರೆದದ್ದಕ್ಕಿಂತ ಎಷ್ಟೋ ಪಟ್ಟು. "ನೋಡಿ ಸಾರ್, ಅಂಥವರಿಗೇ ಹೀಗಾಗಿದೆ" ಎಂದೆ. ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡು, "ಅವನಿಗೆ ಇಂಟರ್ನಲ್ ಮಾರ್ಕ್ಸ್ ಬೇಕಿರಲಿಲ್ಲಪ್ಪ" ಎಂದರು.

ಎಷ್ಟು ಸಲ ಎಡವಿದರೂ ಈ ಸಲ ಬೇಗ ಮುಗಿಯುತ್ತೆ ಎಂದೇ ಲೆಕ್ಕ ಹಾಕುವುದು ಎಲ್ಲ ಮನುಷ್ಯರ ಚಾಳಿಯಂತೆ. ಡೇನಿಯಲ್ ಕಾಹ್ನೆಮನ್, ಏಮೋಸ್ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಓದಿ ಸಮಾಧಾನವಾಯಿತು. ಓದುತ್ತಾ ಕೂತು ಒಂದು ಸಂಜೆಯೂ ಹೋಯಿತು.

ಮುಂದಿನ ಪ್ರಾಜೆಕ್ಟ್‌ಗೆ ಎಗ್ ಟೆಂಪೆರಾ ಹಿಡಿದಿದ್ದೇನೆ. ಮೊಟ್ಟೆಯ ಹಳದಿ, ನೀರು, ಬಣ್ಣದ ಪುಡಿ, ಅಷ್ಟೇ. ಹಚ್ಚಿದ ಕ್ಷಣಗಳಲ್ಲಿ ಒಣಗುತ್ತದೆ. ಪೂರ್ತಿ ಗಟ್ಟಿಯಾಗಲು ತಿಂಗಳುಗಳು ಬೇಕು ಎಂಬ ಸಾಲು ಪುಸ್ತಕದ ಮುಂದಿನ ಪುಟದಲ್ಲಿತ್ತು. ಇರಲಿ, ಮೇಷ್ಟ್ರು ಉಗುರಲ್ಲಿ ಕೆರೆದು ನೋಡುವವರಲ್ಲ. ಸದ್ಯಕ್ಕೆ ಫ್ರಿಜ್‌ನಲ್ಲಿ ಮೂರು ಬಟ್ಟಲು ಮೊಟ್ಟೆಯ ಬಿಳಿ ಕೂತಿದೆ. ಅದನ್ನು ಏನು ಮಾಡುವುದು ಎಂದು ಅಮ್ಮ ದಿನಾ ಕೇಳುತ್ತಿದ್ದಾಳೆ. ಟೈಮ್‌ಟೇಬಲ್‌ನಲ್ಲಿ ಅದಕ್ಕೂ ಖಾನೆ ಇಲ್ಲ.