ತಾಳಿದ ಟೆಸ್ಟು ಬಾಳೀತು

ಬ್ರೌಸರ್ ತೆರೆದು ವೆಬ್‌ಸೈಟನ್ನು ತಾನೇ ಒತ್ತಿ ನೋಡುವ ಸ್ವಯಂಚಾಲಿತ ಟೆಸ್ಟ್ ಬಿದ್ದಿದೆ. ಮತ್ತೆ ಅದೇ ಕೆಂಪಕ್ಷರ: 30000 ಮಿಲಿಸೆಕೆಂಡ್ ಮೀರಿತು, ಟೈಮ್‌ಔಟ್, ಅಂದರೆ ಕಾಯುವ ಗಡುವು ಮುಗಿಯಿತು. ಮದ್ದೂ ಅದೇ. ಕಾನ್ಫಿಗ್ ಫೈಲ್ ತೆರೆದು 60000 ಅಂತ ತಿದ್ದಿ, ಕಮಿಟ್ ಸಂದೇಶದಲ್ಲಿ 'ಟೆಸ್ಟ್ ಸ್ಥಿರಗೊಳಿಸಲಾಗಿದೆ' ಎಂದು ಬರೆದು ಮರ್ಜ್ ಒತ್ತಿ ಕೋಡಿಗೆ ಸೇರಿಸುವುದು. ಎಂಥ ಸ್ಥಿರತೆ! ಅರ್ಧ ನಿಮಿಷದಲ್ಲಿ ಬೀಳುತ್ತಿದ್ದ ಟೆಸ್ಟ್ ಈಗ ಇಡೀ ಒಂದು ನಿಮಿಷ ಸಾವಧಾನವಾಗಿ ಬೀಳುತ್ತದೆ.

ಈ ಟೆಸ್ಟ್ ಓಡಿಸುವ ಸಾಧನ ಪ್ಲೇರೈಟ್. ಅದನ್ನು ಬರೆದವರು, ಪಾಪ, ಕ್ಲಿಕ್ ಮಾಡುವ ಮುನ್ನ ಬಟನ್ ಕಾಣುತ್ತಿದೆಯೇ, ಅಲುಗಾಡದೆ ನಿಂತಿದೆಯೇ, ಮೇಲೆ ಇನ್ನೇನಾದರೂ ಕೂತಿದೆಯೇ ಎಂದು ಅದೇ ನೋಡಿಕೊಳ್ಳುವಂತೆ ಮಾಡಿಟ್ಟರು. ನಮ್ಮವರು ಅದರ ಮೇಲೂ ಐದು ಸೆಕೆಂಡಿನ ಸ್ಲೀಪ್, ಅಂದರೆ ಸುಮ್ಮನೆ ಕಾಯುವ ಆಜ್ಞೆ, ಹೇರಿದರು. ಇದೇ ಕೆಲಸದ ಹಳೆಯ ಸಾಧನ ಸೆಲೆನಿಯಂ ಕಾಲದ ಚಟ. ಆ ಸೆಲೆನಿಯಂ ದಾಖಲೆಯೇ ಇಂಪ್ಲಿಸಿಟ್ (ಎಲ್ಲ ಹುಡುಕಾಟಕ್ಕೂ ಒಟ್ಟಾಗಿ ಇಟ್ಟ), ಎಕ್ಸ್‌ಪ್ಲಿಸಿಟ್ (ಒಂದು ನಿರ್ದಿಷ್ಟ ಷರತ್ತಿಗಾಗಿ ಇಟ್ಟ) ವೇಟ್‌ಗಳನ್ನು ಬೆರೆಸಬೇಡಿ ಎನ್ನುತ್ತದೆ. 10 ಸೆಕೆಂಡಿನ ಇಂಪ್ಲಿಸಿಟ್‌ಗೆ 15ರ ಎಕ್ಸ್‌ಪ್ಲಿಸಿಟ್ ಬೆರೆಸಿದರೆ 20ಕ್ಕೆ ಟೈಮ್‌ಔಟ್ ಆಗಬಹುದಂತೆ. ಈ ಗಣಿತ ಓದಿದ ಮೇಲೂ ಬೆರೆಸುವವರ ಎದೆಗಾರಿಕೆಗೆ ಶರಣು.

ಇನ್ನು 'ನೆಟ್‌ವರ್ಕ್ ಐಡಲ್'. ಅರ್ಧ ಸೆಕೆಂಡ್ ನೆಟ್‌ವರ್ಕ್ ಸುಮ್ಮನಿದ್ದರೆ ಪುಟ ಸಿದ್ಧ ಎಂಬ ಲೆಕ್ಕ. ಯಾವ ಪುಟ ಸ್ವಾಮಿ ಸುಮ್ಮನಿರುತ್ತದೆ? ಮೂಲೆಯಲ್ಲಿ ಚಾಟ್ ಗುಳ್ಳೆ 'ಸಹಾಯ ಬೇಕೇ' ಎಂದು ಪೀಡಿಸುತ್ತಿರುತ್ತದೆ, ಅನಲಿಟಿಕ್ಸ್ ಮೌಸ್ ಅಲ್ಲಾಡಿದ್ದನ್ನೂ ಸರ್ವರ್‌ಗೆ ಚಾಡಿ ಹೇಳುತ್ತಿರುತ್ತದೆ. ಬಿದ್ದ ಟೆಸ್ಟೊಂದರ ಟ್ರೇಸ್, ಅಂದರೆ ಹೆಜ್ಜೆಹೆಜ್ಜೆಯ ದಾಖಲೆ, ತೆರೆದು ನೋಡಿದೆ. 'ಸಲ್ಲಿಸಿ' ಬಟನ್ ಇದ್ದಲ್ಲೇ ಇತ್ತು. ನೆತ್ತಿಯ ಮೇಲೆ ಒಪ್ಪಿಗೆ ಕೇಳುವ ಕುಕೀ ಬ್ಯಾನರ್ ಕಾಲು ಚಾಚಿ ಮಲಗಿತ್ತು. ಬೇರೆ ಎಲಿಮೆಂಟ್ ಅಡ್ಡ ಬಂದಿದೆ, ಮತ್ತೆ ಯತ್ನಿಸುತ್ತೇನೆ ಎಂದು ಲಾಗ್ ಸಾಲು ಸಾಲಾಗಿ ಗೋಗರೆದಿತ್ತು. 60 ಸೆಕೆಂಡ್ ಏನು, ಆರು ಗಂಟೆ ಕೊಟ್ಟರೂ ಬ್ಯಾನರ್ ತಾನಾಗಿ ಏಳುವುದಿಲ್ಲ. ಟೆಸ್ಟ್ ಶುರುವಾಗುವ ಮೊದಲೇ ಒಪ್ಪಿಗೆಯ ಕುಕೀ ಇಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅದಕ್ಕೆ ಲಾಗ್ ಓದಬೇಕಲ್ಲ!

ಯಾವುದಕ್ಕೂ ಬಗ್ಗದಿದ್ದರೆ ಬಿದ್ದ ಟೆಸ್ಟನ್ನು ಮತ್ತೆ ಓಡಿಸುವ ರೀಟ್ರೈ ಇದ್ದೇ ಇದೆ. ಮೂರನೇ ಸಲ ಪಾಸಾದರೂ ಪಾಸೇ, ಡ್ಯಾಶ್‌ಬೋರ್ಡ್ ಹಸಿರೋ ಹಸಿರು. ತನ್ನ ಟೆಸ್ಟ್‌ಗಳಲ್ಲಿ ಸುಮಾರು 16% ಒಂದಲ್ಲ ಒಂದು ಮಟ್ಟಿಗೆ ಫ್ಲೇಕಿ (ಅದೇ ಕೋಡಿಗೆ ಒಮ್ಮೆ ಪಾಸ್, ಒಮ್ಮೆ ಫೇಲ್) ಎಂದು 2016ರಲ್ಲಿ ಗೂಗಲ್ ಹೇಳಿದ್ದೇ ತಡ, 'ಅವರಿಗೇ ಹಾಗಂತೆ' ಎಂದು ಎಲ್ಲರಿಗೂ ನೆಮ್ಮದಿ.

ಸಾಕಾಗಿದೆ, ನಿಜಕ್ಕೂ. ಎರಡು ಕೋರಿನ ಯಂತ್ರದಲ್ಲಿ ಎಂಟು ಬ್ರೌಸರ್ ಒಟ್ಟಿಗೆ ಓಡಿಸಿ ನಿಧಾನ ಎಂದು ದೂರುತ್ತೀರಿ. ಒಂದು ಟೆಸ್ಟ್ ಅಳಿಸಿಹಾಕಿದ ಯೂಸರ್‌ಗಾಗಿ ಇನ್ನೊಂದು ಟೆಸ್ಟ್ ಕಾಯುತ್ತಾ ಕೂತಿರುತ್ತದೆ. ಲಾಗಿನ್ ನಿಜವಾಗಿಯೂ ತೆವಳುತ್ತಿದೆ ಎಂದು ಟೆಸ್ಟ್ ಬಾಯಿ ಬಡಿದುಕೊಂಡರೆ ಅದರ ಬಾಯಿ ಮುಚ್ಚಿಸುತ್ತೀರಿ. ಅದೇ ಲಾಗಿನ್ ಬಗ್ಗೆ ಬಳಕೆದಾರರೊಬ್ಬರ ದೂರೂ ಬಂದಿತ್ತು. 'ನಮ್ಮಲ್ಲಿ ಎಲ್ಲ ಟೆಸ್ಟ್ ಪಾಸಾಗಿವೆ' ಎಂದು ಬರೆದು ಆ ಟಿಕೆಟ್ ಮುಚ್ಚಿದ್ದಾರೆ.