ಗೇರುಮರದಡಿಯ ಬಾಜಿಕಟ್ಟೆ

ಬೆಂಗಳೂರಿನ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ಕಟ್ಟಿಕೊಂಡು ಶಿರಸಿ ಕಡೆಯ ನಮ್ಮ ಹಳ್ಳಿಗೆ ಮರಳಿರುವ ತಮ್ಮನ ಮಗ ಈಗ ಭವಿಷ್ಯದ ಮೇಲೆ ಬಾಜಿ ಕಟ್ಟುವ ಆನ್‌ಲೈನ್ ಪೇಟೆಯ ಪಂಡಿತ. ಪಂಚಾಂಗ ಬೇಡ, ಕವಡೆ ಬೇಡ, ಹಲವು ಕಂಪ್ಯೂಟರುಗಳಲ್ಲಿ ಹಂಚಿಟ್ಟ ಲೆಕ್ಕದ ಪುಸ್ತಕವಾದ ಬ್ಲಾಕ್‌ಚೈನ್ ಸಾಕು. ‘ಇದು ಪೂರ್ತಿ ವಿಕೇಂದ್ರೀಕೃತ, ದೊಡ್ಡಪ್ಪ. ಇದಕ್ಕೆ ಯಜಮಾನನೇ ಇಲ್ಲ’ ಎನ್ನುತ್ತಾನೆ. ನಮ್ಮೂರಿನಲ್ಲಿ ನೆಟ್‌ವರ್ಕ್ ಸಿಗುವುದು ಬೆಟ್ಟದ ಮೇಲಿನ ಒಂದು ಗೇರುಮರದ ಬುಡದಲ್ಲಿ ಮಾತ್ರ. ಹಾಗಾಗಿ ಆ ವಿಕೇಂದ್ರೀಕರಣಕ್ಕೆ ಸದ್ಯ ಅದೇ ಕೇಂದ್ರ.

ವ್ಯವಹಾರ ಸರಳ. ಮುಂದೆ ಆಗಬಹುದಾದ ಸಂಗತಿಯೊಂದಕ್ಕೆ ‘ಹೌದು’, ‘ಇಲ್ಲ’ ಎಂಬ ಎರಡು ಚೀಟಿ. ‘ಹೌದು’ 30 ಸೆಂಟಿಗೆ ಮಾರಾಟವಾಗುತ್ತಿದ್ದರೆ ಪೇಟೆಯ ಅಂದಾಜಿನಲ್ಲಿ ಅದು ಆಗುವ ಸಾಧ್ಯತೆ ಶೇ. 30. ಸಂಗತಿ ನಡೆದರೆ ಆ ಚೀಟಿಗೆ ಒಂದು ಡಾಲರ್, ನಡೆಯದಿದ್ದರೆ ಸೊನ್ನೆ.

‘ಇದಕ್ಕೆ ನಮ್ಮಲ್ಲಿ ಓಸಿ ಮಟಕಾ ಎನ್ನುತ್ತಾರಲ್ಲವೇ?’ ಎಂದೆ. ಅವನಿಗೆ ಸಿಟ್ಟು ಬಂತು. ಹಿಂದೆ ಮುಂಬೈಯಲ್ಲಿ ನ್ಯೂಯಾರ್ಕಿನ ಹತ್ತಿಯ ಓಪನ್–ಕ್ಲೋಸ್ ದರಕ್ಕೆ ಬಾಜಿ ಕಟ್ಟುತ್ತಿದ್ದರು ಎಂದು ನೆನಪಿಸಿದೆ. ಆಗಲೂ ಡಾಲರಿನ ನಾಡಿನಿಂದಲೇ ಸತ್ಯ ಬರಬೇಕಿತ್ತು! 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆಯಲ್ಲ ಎಂದರೆ, ತಾನು ಆಡುವುದಿಲ್ಲವಂತೆ, ಅಧ್ಯಯನ ಮಾಡುತ್ತಾನಂತೆ. ಜಾತ್ರೆಯ ಗುಡಗುಡಿ ಮಂಡದ ಜೂಜಿನ ಸುತ್ತ ನಿಂತವರೂ ಪೊಲೀಸರು ಬಂದಾಗ ಅಧ್ಯಯನವನ್ನೇ ಮಾಡುತ್ತಿರುತ್ತಾರೆ.

ಅವನ ಅಧ್ಯಯನದ ಮುಕುಟಮಣಿ ಕೇಳಿ. ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿ 2025ರ ಜುಲೈಗೆ ಮೊದಲು ಸೂಟು ತೊಡುತ್ತಾರೆಯೇ? ಪಾಲಿಮಾರ್ಕೆಟ್ ಎಂಬ ಇಂಥ ಬಾಜಿಯ ಜಾಲತಾಣದಲ್ಲಿ ಈ ಒಂದು ಪ್ರಶ್ನೆಯ ಮೇಲೆ 20 ಕೋಟಿ ಡಾಲರಿಗೂ ಹೆಚ್ಚಿನ ವಹಿವಾಟು. ಆ ದೇಶದಲ್ಲಿ ಯುದ್ಧ, ಪೇಟೆಗೆ ಅಂಗಿಯ ಚಿಂತೆ. ಜೂನ್‌ನಲ್ಲಿ ನೇಟೋ ಸಭೆಗೆ ಅವರು ಕಪ್ಪು ಕೋಟು ಧರಿಸಿ ಬಂದರು. ಪತ್ರಿಕೆಗಳು ಸೂಟು ಎಂದವು. ‘ಇಲ್ಲ’ದವರು ಒಪ್ಪಲಿಲ್ಲ. ತೀರ್ಪು ಯೂಎಂಎ ಎಂಬ ಡಿಜಿಟಲ್ ಟೋಕನ್ ಉಳ್ಳವರ ಮತಕ್ಕೆ ಹೋಯಿತು, ಸೂಟು ಅಲ್ಲ ಎಂದಾಯಿತು. ಶಿರಸಿಯ ದೇವಿಕೆರೆಯ ಬಳಿಯ ಯಾವ ದರ್ಜಿಯನ್ನು ಕೇಳಿದ್ದರೂ ಒಂದು ಚಹಾದ ಖರ್ಚಿನಲ್ಲಿ ಮುಗಿಯುತ್ತಿದ್ದ ವ್ಯಾಜ್ಯ.

ಅಲ್ಲಿ ಟೋಕನ್ ಹೆಚ್ಚಿದ್ದವನ ಮತ ಹೆಚ್ಚು ತೂಗುತ್ತದೆ. ನಮ್ಮ ಸೊಸೈಟಿಯಲ್ಲಿ ಹತ್ತು ಗುಂಟೆ ಅಡಿಕೆ ತೋಟದವನಿಗೂ ಹತ್ತು ಎಕರೆಯವನಿಗೂ ಒಂದೇ ಮತ. ಪಾಪ, ನಾವಿನ್ನೂ ವಿಕೇಂದ್ರೀಕೃತರಾಗಿಲ್ಲ.

ಕೊನೆಗೆ ಅವನಿಗೆ ಊರಿನ ಅಭಿಮಾನ ಉಕ್ಕಿತು. ಕಳೆದ ಶತಮಾನದಲ್ಲೇ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ರೈಲು 2030ರೊಳಗೆ ಓಡುತ್ತದೆಯೇ ಎಂದು, ದುಡ್ಡಿಲ್ಲದೆ ಬರೀ ಅಡಿಕೆ ಪಣವಿಟ್ಟು, ಊರವರಿಗಾಗಿ ಒಂದು ಪ್ರಶ್ನೆ ತೆರೆದ. ‘ಇಲ್ಲ’ದ ಚೀಟಿಗೆ ಗೇರುಮರದಿಂದ ಗದ್ದೆಯಂಚಿನವರೆಗೆ ಸಾಲು. ‘ಹೌದು’ ಕೊಳ್ಳಲು ಒಂದು ನರಪಿಳ್ಳೆಯೂ ಇಲ್ಲ. ಎರಡೂ ಕಡೆಯವರಿಲ್ಲದೆ ಪೇಟೆ ನಡೆಯುವುದಿಲ್ಲ.

ಹುಡುಗನ ಮುಖ ನೋಡಲಾಗದೆ, ಬಸ್ ನಿಲ್ದಾಣದ ಬಳಿ ಗುಟ್ಟಾಗಿ ಓಸಿ ಚೀಟಿ ಬರೆಯುವವನನ್ನೇ ಕೇಳಿದೆ. ಅವನು ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡ.

‘ಓಸಿಯಲ್ಲಿ ದಿನಕ್ಕೊಂದು ನಂಬರಾದರೂ ಬಂದೇ ಬರುತ್ತದೆ ಸ್ವಾಮಿ. ರೈಲಿಗೆಲ್ಲ ಚೀಟಿ ಬರೆದರೆ ಜನ ನನ್ನನ್ನು ಮೋಸಗಾರ ಎನ್ನುವುದಿಲ್ಲವೇ?’